ನಾಲ್ಕು ಪಾಲಿನ ಟಿವಿ

ಒಂದೇ ಟಿವಿಯಲ್ಲಿ ನಾಲ್ಕು ಜನ ನಾಲ್ಕು ಬೇರೆ ಬೇರೆ ಚಿತ್ರ ನೋಡಬಹುದು, ಒಬ್ಬರದು ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ, ಸದ್ದೂ ಪಕ್ಕದವರ ಕಿವಿಗೆ ಹೋಗುವುದಿಲ್ಲ ಎಂದು ಮಗ ಮುರಿಗೆಪ್ಪ ಹೇಳಿದಾಗ ನಾನು ನಂಬಲಿಲ್ಲ.

"ಒಂದ ತಾಟಿನಾಗ ನಾಲ್ಕ ಮಂದಿ ಉಣ್ಣಾಕ ಕುಂತ್ರ, ನಿನ್ನ ಸಾರು ನನ್ನ ಅನ್ನಕ್ಕ ಹರಿಯಾಂಗಿಲ್ಲೇನು?" ಅಂದೆ.

"ಹರಿಯಾಂಗಿಲ್ಲಬೇ ಯವ್ವಾ. ನೀ ನೋಡಂತಿ," ಅಂದ.

ಬನಹಟ್ಟಿಯ ನಮ್ಮ ಮನೆಯಲ್ಲಿ ಆಗ ಇದ್ದವರು ನಾಲ್ಕೇ ಜನ. ನಾನು, ಮುರಿಗೆಪ್ಪ, ಸೊಸೆ ಮಹಾನಂದಾ, ಮತ್ತು ಲಗ್ನವೇ ಆಗದೆ ಉಳಿದ ನನ್ನ ಮೈದುನ ಚಂದ್ರಪ್ಪ. ಚಂದ್ರಪ್ಪನಿಗೆ ಕುಸ್ತಿ ಬೇಕು. ಸೊಸೆಗೆ ಧಾರಾವಾಹಿ. ಮುರಿಗೆಪ್ಪನದು ವಿಚಿತ್ರ ರುಚಿ. ದೂರದ ದೇಶಗಳಲ್ಲಿ ರೈಲು ಓಡಿಸುವವನ ಕಿಟಕಿಯಿಂದ ಕಾಣುವ ಹಳಿಗಳನ್ನು ತಾಸುಗಟ್ಟಲೆ ನೋಡುತ್ತಿದ್ದ. ನನಗೆ ಸಮುದ್ರ. ಸಮುದ್ರವನ್ನು ನಾನು ಕಣ್ಣಾರೆ ಕಂಡವಳಲ್ಲ. ಅದರೊಳಗೆ ಅಷ್ಟು ಬಣ್ಣದ ಮೀನುಗಳಿವೆ ಎಂದು ತಿಳಿದ ಮೇಲೆ ಬೇರೆ ಏನನ್ನೂ ನೋಡಬೇಕು ಅನ್ನಿಸಲಿಲ್ಲ.

ಟಿವಿ ಬಂತು. ಪರದೆಯ ಮೇಲೆ ಮಗ್ಗದ ಹಾಸಿನ ಎಳೆಗಳ ಹಾಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಗೆರೆಗಳು ಒತ್ತೊತ್ತಾಗಿ ಇದ್ದವಂತೆ. ಒಂದೊಂದು ಗೆರೆಯೂ ಬೆಳಕನ್ನು ನಾಲ್ಕು ದಿಕ್ಕಿಗೆ ಹಂಚುತ್ತದೆ. ನಾಲ್ಕು ಕುರ್ಚಿಗಳನ್ನು ಪರದೆಯ ಎದುರು ಸಾಲಾಗಿ, ಒಂದೊಂದನ್ನು ಒಂದೊಂದು ದಿಕ್ಕಿಗೆ ಇಟ್ಟರು. ಒಂದೊಂದರ ತಲೆಯಾನಿಕೆಯಲ್ಲಿ ಒಂದು ಸಣ್ಣ ಸ್ಪೀಕರ್. ಪರದೆಯ ಕೆಳಗೆ ಅವಳಿ ಮಕ್ಕಳಂಥ ನಾಲ್ಕು ಕರಿ ಪೆಟ್ಟಿಗೆ, ಪ್ಲೇಯರ್‌ಗಳು. ನಾನು ನನ್ನ ಕುರ್ಚಿಯಲ್ಲಿ ಕೂತೆ. ನೀಲಿ ನೀರು ಕಂಡಿತು. ಎದ್ದು ಚಂದ್ರಪ್ಪನ ಕುರ್ಚಿಯ ಹಿಂದೆ ನಿಂತರೆ ಅದೇ ಪರದೆಯಲ್ಲಿ ಮಣ್ಣು ಮೆತ್ತಿದ ಇಬ್ಬರು ಪೈಲ್ವಾನರು! ಹೀಗೆ ನಾಲ್ಕೂ ಕಡೆ ಸುತ್ತಿ ಬಂದೆ. ಕೆಲವು ದಿನ ಟಿವಿ ನೋಡಿದ್ದಕ್ಕಿಂತ ಹೆಚ್ಚು ಹೀಗೆ ಸುತ್ತಿದ್ದೇ ಆಯಿತು.

ಓಣಿಯವರೆಲ್ಲ ಅದನ್ನು ಪಾಲಿನ ಟಿವಿ ಎಂದು ಕರೆದರು. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಹಾಗೆ ನಾವು ನೋಟ ಪಾಲು ಮಾಡಿಕೊಂಡಿದ್ದೆವು. ಪಾಲು ಅಂದ ಮೇಲೆ ಜಗಳ ಬಿಟ್ಟೀತೇ? ನಾಲ್ಕೂ ಪ್ಲೇಯರ್ ಒಂದೇ ಜಾತಿಯವು. ಯಾರೇ ಯಾವ ರಿಮೋಟ್ ಒತ್ತಿದರೂ ನಾಲ್ಕೂ ಒಟ್ಟಿಗೆ ಕೇಳುತ್ತಿದ್ದವು. ಚಂದ್ರಪ್ಪ ಕುಸ್ತಿಯನ್ನು ಮುಂದಕ್ಕೆ ಓಡಿಸಿದರೆ ನನ್ನ ತಿಮಿಂಗಿಲ ನೆಗೆಯುವ ಮೊದಲೇ ನೀರಿಗೆ ಬಿದ್ದಿರುತ್ತಿತ್ತು.

"ಕಾಕಾ, ಏನ ಮಾಡಿದ್ರಿ ನೀವು! ನನ್ನ ಹುಡುಗಿಗೆ ಈಗರೆ ಅರಿಷಿಣಾ ಹಚ್ಚಾಕತ್ತಿದ್ರು. ನೋಡೂದ್ರಾಗ ಆಕಿ ಮಗನ ಜಾವಳಾ ನಡದೈತಿ!" ಎಂದು ಮಹಾನಂದಾ ಕೂಗುವಳು.

"ಚಲೋ ಆತಲ್ಲಬೇ, ಹೆರಿಗಿ ಖರ್ಚು ಉಳೀತು," ಅಂತ ಚಂದ್ರಪ್ಪ.

ಟಿವಿ ಮಾಡಿದ ಪ್ರಯೋಗಶಾಲೆ ಪಕ್ಕದ ರಬಕವಿಯಲ್ಲೇ ಇತ್ತು, ಹಳೆಯ ನೂಲಿನ ಗೋದಾಮಿನ ಮಾಳಿಗೆಯ ಮೇಲೆ. ಅಲ್ಲಿಂದ ಕೌಸರ್ ಬಾನು ಎಂಬ ಇಂಜಿನಿಯರ್ ಬಂದಳು. ನೂಲಿಗೆ ಬಣ್ಣ ಹಾಕುವವರ ಮನೆಯ ಮಗಳು, ಮುಖ ನೋಡಿದರೆ ಕಾಲೇಜಿನ ಹುಡುಗಿಯ ಹಾಗೆ. ಮೊದಲು ಅವಳು ನಾಲ್ಕು ರಿಮೋಟ್‌ಗಳನ್ನು ನಾಲ್ಕು ಪ್ಲೇಯರ್‌ಗೆ ಬೇರೆ ಬೇರೆ ಗಂಟು ಹಾಕಿ, ಗುರುತಿಗೆ ಒಂದೊಂದಕ್ಕೆ ಒಂದೊಂದು ಬಣ್ಣದ ನೂಲು ಸುತ್ತಿ ಹೋದಳು. ಕೆಂಪು ನೂಲಿನದು ನನ್ನದು. ಎರಡೇ ದಿನಕ್ಕೆ ಅದು ಚಂದ್ರಪ್ಪನ ಜೇಬಿನಲ್ಲಿ ಸಿಕ್ಕಿತು. ಅವನದು ಜೋಳದ ಹಿಟ್ಟಿನ ಡಬ್ಬಿಯಲ್ಲಿತ್ತು. ಯಾರ ಕೈಗೆ ಯಾವುದು ಸಿಗುತ್ತದೋ ಅದನ್ನೇ ಒತ್ತುವ ಮನೆ ನಮ್ಮದು.

ಕೌಸರ್ ಮತ್ತೆ ಬಂದಳು. ಸಿಟ್ಟಾಗಲಿಲ್ಲ. ಚಹಾ ಕುಡಿಯುತ್ತ ನಮ್ಮ ಕೈಗಳನ್ನೇ ನೋಡುತ್ತ ಕೂತಳು. ಆಮೇಲೆ ಹೊಸ ರಿಮೋಟ್‌ಗಳನ್ನು ತಂದಳು. ಆ ಗುಂಡಿಗಳಿಗೆ ಒತ್ತಿನ ಗತ್ತು ತಿಳಿಯುತ್ತಿತ್ತು. ಎಷ್ಟು ಭಾರ ಹಾಕಿ ಒತ್ತಿದರು, ಎಷ್ಟು ಹೊತ್ತು ಹಿಡಿದರು, ಬೆರಳು ಎತ್ತುವಾಗ ಹೇಗೆ ಎತ್ತಿದರು, ಎರಡು ಒತ್ತಿನ ನಡುವೆ ಎಷ್ಟು ಬಿಟ್ಟರು. ಒಬ್ಬರ ಹಾಗೆ ಇನ್ನೊಬ್ಬರು ಒತ್ತುವುದಿಲ್ಲವಂತೆ. ನಾವು ಒಬ್ಬೊಬ್ಬರಾಗಿ ಕೂತು ಒತ್ತಿ ಒತ್ತಿ ಪ್ಲೇಯರ್‌ಗಳಿಗೆ ನಮ್ಮ ಕೈ ಕಲಿಸಿದೆವು. ಅಲ್ಲಿಂದ ಮುಂದೆ ರಿಮೋಟ್ ಯಾವುದೇ ಇರಲಿ, ನನ್ನ ಕೈ ಒತ್ತಿದರೆ ನನ್ನ ಸಮುದ್ರ ಮಾತ್ರ ಅಲುಗುತ್ತಿತ್ತು. ಹಿಟ್ಟಿನ ಕೈ, ಒದ್ದೆ ಕೈ, ಬೆರಳಿಗೆ ಪಟ್ಟಿ ಕಟ್ಟಿದ ಕೈ ಬಂದು ಗುರುತು ತಪ್ಪಿದರೆ, ಪ್ಲೇಯರ್‌ಗಳು ತಮಗೆ ಗೊತ್ತಿದ್ದ ನಾಲ್ಕರಲ್ಲಿ ಹತ್ತಿರದ ಕೈ ಯಾವುದೆಂದು ನೋಡಿ ಅದಕ್ಕೆ ಓಗೊಡುತ್ತಿದ್ದವು.

"ರಿಮೋಟ್ ಕಳೀತೈತ್ರಿ ದೊಡ್ಡವ್ವ. ಕೈ ಕಳಿಯಾಂಗಿಲ್ಲ," ಎಂದು ನಕ್ಕಳು ಕೌಸರ್.

ಮನೆಯಲ್ಲಿ ಜಗಳ ನಿಂತಿತು. ಸಂಜೆ ನಾಲ್ವರೂ ಸಾಲಾಗಿ ಕೂತು, ಒಬ್ಬರು ನಗುವಾಗ ಇನ್ನೊಬ್ಬರು ಕಣ್ಣೊರೆಸಿಕೊಳ್ಳುತ್ತ, ಯಾಕೆಂದು ಯಾರನ್ನೂ ಕೇಳದೆ ಇರುತ್ತಿದ್ದೆವು. ಸುಖವಾಗಿಯೇ ಇದ್ದೆವು, ಸುಳ್ಳು ಯಾಕೆ ಹೇಳಲಿ.

ಆಮೇಲೆ ನನ್ನ ಕೈಯೇ ಕಳೆಯಿತು.

ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬಲಗಡೆಯೆಲ್ಲ ಮರಗಟ್ಟಿ ಬಿದ್ದೆ. ಲಕ್ವಾ. ಆಸ್ಪತ್ರೆಯಿಂದ ಬರುವಾಗ ಬಲಗಾಲು ಎಳೆಯುತ್ತಿತ್ತು, ಬಲಗೈ ಬೇರೆ ಯಾರದೋ ಸಾಮಾನಿನಂತೆ ತೊಡೆಯ ಮೇಲೆ ಬಿದ್ದಿತ್ತು. ಅದಕ್ಕಿಂತ ಕಷ್ಟವೆಂದರೆ ಮಾತು. ನೀರು ಬೇಕು ಅನ್ನುವುದು ಒಳಗೆ ಗೊತ್ತು; ಬಾಯಿ ತೆರೆದರೆ 'ಗಾ ಗಾ' ಎಂದಷ್ಟೇ ಬರುತ್ತಿತ್ತು. ಹೂಂ ಎಂದು ತಲೆ ಆಡಿಸಲು ಹೋದರೆ ಅದು ಅಲ್ಲ ಎಂಬಂತೆ ಆಡುತ್ತಿತ್ತು. ನೆರೆತ ಕೂದಲಲ್ಲಿ ರಾತ್ರಿ ಶಾಲೆಗೆ ಹೋಗಿ ಕಲಿತ ಅಕ್ಷರಗಳೂ ಮಾತಿನ ಹಿಂದೆಯೇ ಹೋಗಿದ್ದವು. ಮುರಿಗೆಪ್ಪ ಪಾಟಿ ಹಿಡಿದು ತೋರಿಸಿದ. ಇರುವೆ ಸಾಲಿನ ಹಾಗೆ ಕಂಡವು.

ಮಾತು ಕಲಿಸುವ ಡಾಕ್ಟರಮ್ಮ ಒಮ್ಮೆ ನೋಡಿದಳು. "ಇವರಿಗೆ ನಾವು ಹೇಳೂದು ಒಳಗ ತಿಳೀತೈತಿ ಅಂತ ಖಾತ್ರಿ ಆಗವಲ್ತು. ಸೋಮವಾರ ಇನ್ನೊಮ್ಮೆ ಕರಕೊಂಡ ಬರ್ರಿ. ತಿಳಿಯೂದ ಇದ್ರ ಮಾತು ಕಲಸಾಕ ಸುರು ಮಾಡೂಣು. ಇಲ್ಲಂದ್ರ ಅವರಿಗೆ ತ್ರಾಸು ಕೊಡೂದು ಬ್ಯಾಡ, ಮನ್ಯಾಗ ಆರಾಮ ಇರಲಿ," ಎಂದಳು.

ತಿಳಿಯುತ್ತಿತ್ತು. ಎಲ್ಲ ತಿಳಿಯುತ್ತಿತ್ತು. ನನ್ನ ಎದುರಿಗೇ ಮಾತಾಡಿದ್ದೂ ತಿಳಿಯಿತು.

"ವೈನಿದು ಪಾಲು ಸುಮ್ನ ಖಾಲಿ ಹೊಂಟೈತಿ," ಅಂದ ಚಂದ್ರಪ್ಪ. "ಆಕಿಗೆ ಒಳಗ ಗಾಳಿ ಆಡೂ ಕ್ವಾಣ್ಯಾಗ ಹಾಸಿ ಕೊಡೂಣು. ನಮ್ಮ ಗೆಳ್ಯಾ ಸಂಜಿಮುಂದ ಬರ್ತಾನ, ಅಂವಗ ಆ ಕುರ್ಚಿ ಆಕ್ಕೈತಿ."

"ಸೋಮವಾರ ಮುಗೀಲಿ ಕಾಕಾ," ಅಂದ ಮುರಿಗೆಪ್ಪ. ದನಿಯಲ್ಲಿ ಗಟ್ಟಿತನ ಇರಲಿಲ್ಲ. ಮಹಾನಂದಾ ನನ್ನ ಬಾಯಿ ಒರೆಸಿದಳು.

ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಎದುರಿಗೆ ನನ್ನ ಸಮುದ್ರ ನಿಂತಲ್ಲೇ ನಿಂತಿತ್ತು. ಒಂದು ಆಮೆ, ಕಾಲು ಚಾಚಿ, ನಾನು ಬೀಳುವ ಹಿಂದಿನ ರಾತ್ರಿ ಬಿಟ್ಟಲ್ಲೇ. ಎಡಗೈಗೆ ಒಂದು ರಿಮೋಟ್ ಸಿಕ್ಕಿತು. ಚಾದರದೊಳಗೆ ಅದನ್ನು ಹಿಡಿದು ಒತ್ತಿದೆ. ಆಮೆ ಅಲುಗಲಿಲ್ಲ. ಮತ್ತೆ ಒತ್ತಿದೆ.

"ಇದಕೇನ ಬಂತವಾ!" ಎಂದು ಪಕ್ಕದ ಕುರ್ಚಿಯಿಂದ ಮಹಾನಂದಾ ಕೂಗಿದಳು. "ತನ್ನಷ್ಟಕ್ಕ ತಾನ ಓಡಾಕತ್ತೈತಿ!"

ಮೂರು ನಾಲ್ಕು ಸಲ ಹೀಗಾದ ಮೇಲೆ ನನಗೆ ಹೊಳೆಯಿತು. ನಾನು ಒತ್ತಿದಾಗಲೆಲ್ಲ ಅವಳು ಬಯ್ಯುತ್ತಿದ್ದಾಳೆ. ಅವಳ ಚಿತ್ರ ನನಗೆ ಕಾಣದು. ಅವಳ ಬೈಗುಳ ಕೇಳಿಸುತ್ತದೆ. ಅಷ್ಟು ದಿನದಲ್ಲಿ ಮೊದಲ ಬಾರಿಗೆ ನಾನು ಮಾಡಿದ್ದಕ್ಕೆ ಲೋಕದಲ್ಲಿ ಒಬ್ಬರು ಮಾರುತ್ತರ ಕೊಟ್ಟಿದ್ದರು. ಎಷ್ಟು ಸಂತೋಷವಾಯಿತು ಎಂದರೆ ಬೇಕಾಬಿಟ್ಟಿ ಒತ್ತಿದೆ. ಅದೇ ಎಡವಟ್ಟಾಯಿತು. ಮಹಾನಂದಾ ಬೇಸತ್ತು ಪ್ರಯೋಗಶಾಲೆಗೆ ಫೋನ್ ಮಾಡಿದಳು.

ಮಾಳಿಗೆಯ ಮೇಲಿನ ಆ ಕೋಣೆಯಲ್ಲಿ ಆಗ ನಡೆದದ್ದನ್ನು ಕೌಸರ್ ನನಗೆ ಆಮೇಲೆ ಹೇಳಿದಳು. ಮೇಜಿನ ಮೇಲೆ ಅಂಥವೇ ನಾಲ್ಕು ಪ್ಲೇಯರ್ ಹರವಿಕೊಂಡು, ಅಲ್ಲಿದ್ದವರೆಲ್ಲರ ಕೈಯಿಂದ ಒತ್ತಿಸಿ ನೋಡಿದಳು. ಎಲ್ಲ ಸರಿಯಿತ್ತು. ನಮ್ಮ ಮನೆಯ ಪ್ಲೇಯರ್ ಅಲ್ಲಿಗೆ ಕಳಿಸುತ್ತಿದ್ದ ವರದಿ ಮಾತ್ರ, ಮಹಾನಂದಾ ರೊಟ್ಟಿ ಬಡಿಯುತ್ತಿದ್ದಾಗಲೂ, ಮಹಾನಂದಾ ಒತ್ತಿದಳು ಎಂದೇ ಹೇಳುತ್ತಿತ್ತು. ಅಲ್ಲಿನ ಹಿರಿಯ ಇಂಜಿನಿಯರ್ ಕಾಖಂಡಕಿ ಸರ್ ಕನ್ನಡಕ ಏರಿಸಿ ನೋಡಿದರು.

"ಹತ್ತರದ ಕೈಗೆ ಓಗೊಡೂದನ್ನ ನೀನ ಇಟ್ಟಿ. ಅದನ್ನ ತಗದ ಒಗಿ. ಗುರುತಿಲ್ಲದ ಕೈ ಬಂತಂದ್ರ ಬಾಗಲಾ ಹಾಕಲಿ. ಆ ಸೊಸಿ ಕೈಯನ್ನ ಹೊಸದಾಗಿ ಕಲಸು."

"ಹೌದ್ರಿ ಸರ್," ಎಂದು ಕೌಸರ್ ಚೀಲ ಕಟ್ಟಿದಳಂತೆ.

ಅವಳು ಬರುವುದು ಶನಿವಾರ. ಡಾಕ್ಟರಮ್ಮನ ಬಳಿ ಹೋಗುವುದು ಸೋಮವಾರ. ಕೌಸರ್ ಬಾಗಿಲು ಹಾಕಿದರೆ ನನಗೆ ಉಳಿದಿದ್ದ ಒಂದೇ ಕಿಂಡಿಯೂ ಮುಚ್ಚುತ್ತದೆ ಎಂದು, ಅವಳು ಫೋನಿನಲ್ಲಿ ಹೇಳಿದ್ದನ್ನು ಮಹಾನಂದಾ ಮನೆಯವರಿಗೆ ತಿಳಿಸಿದಾಗಲೇ ನನಗೆ ಗೊತ್ತಾಗಿತ್ತು. ಏನು ಒತ್ತಬೇಕು, ಹೇಗೆ ಒತ್ತಿದರೆ ಇದು ಕೆಟ್ಟ ಯಂತ್ರವಲ್ಲ, ಕೂತ ಮನುಷ್ಯಳು ಎಂದು ಗೊತ್ತಾದೀತು? ಅದೇ ಯೋಚನೆ.

ಶನಿವಾರ ಬೆಳಿಗ್ಗೆ ಒಳಗಿನ ಮಗ್ಗದ ಕೋಣೆಯಿಂದ ಉತ್ತರ ಬಂತು.

ನಮ್ಮದು ಮೊದಲು ಆರು ಮಗ್ಗದ ಮನೆ. ಆರೂ ನಡೆಯುವಾಗ ಕೂಗಿದರೆ ಪಕ್ಕದವರಿಗೂ ಕೇಳಿಸದು. ಅದಕ್ಕೆ ನಮ್ಮಲ್ಲಿ ಒಂದು ರೂಢಿ. ನೆಯ್ಯುವಾಗ ಎಳೆ ಹರಿದು, ಗಂಟು ಹಾಕಲು ಒಬ್ಬರ ಕೈ ಸಾಲದಾದರೆ, ನೂಲನ್ನು ಒತ್ತಿ ಕೂರಿಸುವ ಹಣಿಗೆಯನ್ನು ಎರಡು ಸಲ ಲಗುಬಗೆಯಿಂದ ಬಡಿದು, ತುಸು ತಡೆದು, ಇನ್ನೊಮ್ಮೆ ಬಡಿಯುವುದು. ಟಕ್ ಟಕ್... ಟಕ್. ಎಳೆ ಹರಿದಿದೆ, ಬಾ. ಆ ಗದ್ದಲದಲ್ಲೂ ಅದೊಂದು ಬಡಿತ ಬೇರೆಯಾಗಿ ಕೇಳುತ್ತಿತ್ತು. ಕೇಳಿದವರು ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಿದ್ದರು. ಈಗ ಉಳಿದದ್ದು ಒಂದು ಮಗ್ಗ, ಅದರ ಮೇಲೆ ಮಹಾನಂದಾ ಒಬ್ಬಳೇ. ಕರೆದರೆ ಬರುವವರಿಲ್ಲ. ಆದರೂ ಆ ಬೆಳಿಗ್ಗೆ ಅವಳಿಗೆ ಎಳೆ ಹರಿಯಿತು, ಅವಳ ಕೈ ತಾನಾಗಿ ಬಡಿಯಿತು. ಟಕ್ ಟಕ್... ಟಕ್.

ಕುರ್ಚಿಯಲ್ಲಿ ಕೂತಿದ್ದ ನನ್ನ ಮೈ ಜುಮ್ಮೆಂದಿತು.

ಮಧ್ಯಾಹ್ನ ಕೌಸರ್ ಬಂದಳು. ನನ್ನ ಮುಂದೆ ಬಗ್ಗಿ, "ಹೆಂಗದೀರಿ ದೊಡ್ಡವ್ವ?" ಎಂದು ಕೇಳಿದಳು. ಗಾ ಗಾ ಅಂದೆ. ಅವಳ ಮುಖ ಸಣ್ಣದಾಯಿತು. ಆಮೇಲೆ ಕೆಲಸಕ್ಕೆ ಇಳಿದಳು.

"ನಂದಕ್ಕ, ನಿಮ್ಮ ಕುರ್ಚಿ ಮ್ಯಾಲೆ ಕುಂದರ್ರಿ. ಎರಡೂ ಕೈ ಮ್ಯಾಲೆ ಎತ್ರಿ. ಹಾಂ, ಹಂಗ. ಈಗ ನೋಡೂಣು, ಚಿತ್ರ ಅಲಗತೈತೇನು."

ಪೊಲೀಸರ ಎದುರು ನಿಂತ ಕಳ್ಳಿಯ ಹಾಗೆ ಮಹಾನಂದಾ ಎರಡೂ ಕೈ ಎತ್ತಿ ಕೂತಳು. ಚಂದ್ರಪ್ಪ ಬಾಗಿಲಿಗೆ ಒರಗಿ, "ನಮ್ಮಣ್ಣನ ಬಂದು ಒತ್ತಾಕತ್ತಿರಬೇಕು ನೋಡ್ರಿ. ಬದಕಿದ್ದಾಗೂ ಅಂವ ಮಂದೀಗೆ ಸುಮ್ನ ಕುಂದರಾಕ ಬಿಟ್ಟಾಂವಲ್ಲ," ಅಂದ.

ಚಾದರದೊಳಗೆ ಬೆರಳನ್ನು ತಡವರಿಸಿ ನಿಲ್ಲಿಸುವ ಗುಂಡಿಯನ್ನು ಹುಡುಕಿದೆ. ಅದು ಸ್ವಲ್ಪ ಉಬ್ಬಿಕೊಂಡಿದೆ, ಕತ್ತಲಲ್ಲೂ ಸಿಗುತ್ತದೆ. ಒಮ್ಮೆ ಒತ್ತಿದರೆ ಚಿತ್ರ ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ಓಡುತ್ತದೆ. ಹೆಬ್ಬೆರಳನ್ನು ಅದರ ಮೇಲಿಟ್ಟೆ. ಇದು ಬೆರಳಲ್ಲ, ಹಣಿಗೆ ಎಂದುಕೊಂಡೆ. ಎರಡು, ಲಗುಬಗೆ. ತಡೆ. ಒಂದು.

"ನೋಡ್ರಿ, ನೋಡ್ರಿ! ನಿಂತು ಓಡಿ, ಮತ್ತ ನಿಂತು..." ಎನ್ನುತ್ತಿದ್ದ ಮಹಾನಂದಾಳ ಮಾತು ಅಲ್ಲೇ ಉಳಿಯಿತು.

"ಕೈ ಇಳಸ್ರಿ, ನಂದಕ್ಕ. ಇದನ್ನ ಒರಸಿ ಹೊಸದಾಗಿ ಕಲಸ್ತೀನಿ," ಎಂದು ಕೌಸರ್ ಪ್ಲೇಯರಿನ ಮುಚ್ಚಳಕ್ಕೆ ಕೈ ಹಾಕಿದಳು.

ನಾನು ಮತ್ತೊಮ್ಮೆ ಒತ್ತಿ ಚಿತ್ರವನ್ನು ಓಡಲು ಬಿಟ್ಟೆ. ಮತ್ತೆ ಬಡಿದೆ. ಎರಡು. ತಡೆ. ಒಂದು.

"ತಡೀರಿ!" ಮಹಾನಂದಾಳ ಕೈಗಳು ಇನ್ನೂ ಮೇಲೆಯೇ ಇದ್ದವು. "ತಡೀರಿ ಕೌಸರಕ್ಕ, ಮುಟ್ಟಬ್ಯಾಡ್ರಿ. ಎಳಿ ಹರದೈತಿ, ಬಾ... ಇದು ನಮ್ಮ ಮನಿ ಬಡಿತ. ನಮ್ಮ ಮನ್ಯಾಗ ಬಿಟ್ರ ಯಾರಿಗೂ ಗೊತ್ತಿಲ್ಲ ಇದು."

ಅವಳು ಎದ್ದು ಬಂದು ನನ್ನ ಚಾದರ ಸರಿಸಿದಳು. ಎಡಗೈಯಲ್ಲಿ ರಿಮೋಟ್. ಅವಳು ನೆಲದ ಮೇಲೆ ಕುಸಿದು ಕೂತು ನನ್ನ ಮುಖ ನೋಡಿದಳು.

"ಅತ್ತೀ, ನೀನ ಕರದ್ಯಾ?"

ತಲೆಯನ್ನು ನಂಬಲಿಲ್ಲ. ಗುಂಡಿ ಒತ್ತಿದೆ.

ಕೌಸರ್ ಮಹಾನಂದಾಳ ಕುರ್ಚಿಗೆ ಹಾರಿ ಕೂತು ಪರದೆ ನೋಡಿದಳು. "ಓಡಾಕತ್ತೈತಿ! ನಂದಕ್ಕ, ಕೇಳ್ರಿ. ಹೌದಂದ್ರ ಚಿತ್ರ ಓಡಸ್ಲಿ, ಅಲ್ಲಂದ್ರ ನಿಂದರಸ್ಲಿ."

ಮಹಾನಂದಾ ನನ್ನ ಮೊಣಕಾಲು ಹಿಡಿದಳು. ಕೇಳುವುದಕ್ಕೆ ಸಾವಿರ ಇತ್ತು. ಅವಳಿಗೆ ಬಂದದ್ದು ಒಂದೇ. "ಮುಂಜಾನಿ ಪಲ್ಲೇಕ... ಉಪ್ಪ ಸರಿ ಇತ್ತೇನ ಅತ್ತಿ?"

ಒತ್ತಿದೆ.

"ನಿಂತತಿ!" ಎಂದು ಕೌಸರ್ ಕೂಗಿದಳು. "ಇಲ್ಲಂತ! ಉಪ್ಪ ಸರಿ ಇರ್ಲಿಲ್ಲಂತ!"

ಮಹಾನಂದಾ ನಕ್ಕಳೋ ಅತ್ತಳೋ, ಎರಡೂ ಒಂದೇ ಸದ್ದಿನಲ್ಲಿ ಬಂತು. ಮುರಿಗೆಪ್ಪ ಒಳಗಿನಿಂದ ಓಡಿಬಂದು ಬರೀ "ಯವ್ವಾ, ಯವ್ವಾ" ಎನ್ನುತ್ತಿದ್ದ. ಚಂದ್ರಪ್ಪ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಅವನ ಮುಖ ಕೆಂಪಾಗಿತ್ತು.

"ವೈನಿ, ಹಂಗಾರ ಕುರ್ಚಿ ಮಾತು... ಅದೂ ನಿನಗ ಕೇಳಿತ್ತಾ?"

ಓಡಿಸಿದೆ.

"ಸಿಟ್ಟ ಬಂದೈತಾ?"

ತುಸು ಯೋಚಿಸಿದಂತೆ ಮಾಡಿ ಅವನನ್ನು ಕಾಯಿಸಿದೆ. ಆಮೇಲೆ ನಿಲ್ಲಿಸಿದೆ. ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖವನ್ನೆಲ್ಲ ಒರೆಸಿಕೊಂಡ.

ಕೌಸರ್‌ಗೆ ಇನ್ನೂ ಒಂದು ಬಗೆಹರಿದಿರಲಿಲ್ಲ. ನನ್ನ ಎಡಗೈಯನ್ನೂ ಮಹಾನಂದಾಳ ಕೈಯನ್ನೂ ಹಿಡಿದು ನೋಡಿದಳು. "ನಾಲ್ಕ ಕೈಯಾಗ ಇದಕ್ಕ ಹತ್ತರ ನಿಮ್ಮದ ಯಾಕ ಬಂತು? ಮಗಂದಲ್ಲ, ಸೊಸೀದು! ಹೆಂಗ?"

"ನಾ ಎಡಚಿರಿ," ಅಂದಳು ಮಹಾನಂದಾ. "ಲಗ್ನ ಆಗಿ ಬಂದಾಗ ಓಣಿ ಮಂದಿ ಎಲ್ಲಾ, ಎಡಚಿ ಕೈಲೆ ನೇಯ್ದ ಸೀರಿ ಯಾರ ಉಡ್ತಾರಂತ ನಗತಿದ್ರು. ನಮ್ಮತ್ತಿ ಯಾರಿಗೂ ಏನೂ ಅನ್ನಲಿಲ್ಲ. ಮಗ್ಗದ ಲಾಳಿ ಎಳಿಯೂ ಹಗ್ಗಾ ಬಿಚ್ಚಿ ಎಡಗಡೆ ಕಟ್ಟಿಸಿದ್ಲು. ನನ್ನ ಬಾಜೂಕ ಕುಂತು, ತನ್ನ ಎಡಗೈ ನನ್ನ ಎಡಗೈ ಮ್ಯಾಲೆ ಇಟ್ಟು ಕಲಿಸಿದ್ಲು. ಎಷ್ಟ ದಿನಾನೋ. ಈ ಕೈ ಏನ ಮಾಡ್ತೈತಿ ಎಲ್ಲಾ ಆಕಿದ."

ಕೌಸರ್ ನಮ್ಮಿಬ್ಬರ ಕೈಗಳನ್ನು ಮೆಲ್ಲಗೆ ಬಿಟ್ಟಳು. ಆಮೇಲೆ ಪ್ಲೇಯರಿನ ಮುಚ್ಚಳ ಹಾಕಿ, ಏನನ್ನೂ ಒರೆಸದೆ ಚೀಲ ಕಟ್ಟಿದಳು. ಪ್ರಯೋಗಶಾಲೆಯಲ್ಲಿ ಕಾಖಂಡಕಿ ಸರ್, "ತಪ್ಪು ಸರಿ ಆತೇನು?" ಎಂದು ಕೇಳಿದರಂತೆ.

"ಇಲ್ರಿ ಸರ್. ಅದಕ್ಕೊಂದು ಕೆಲಸಾ ಹಚ್ಚಿ ಬಂದೀನಿ," ಅಂದಳಂತೆ.

ಸೋಮವಾರ ಮಹಾನಂದಾಳ ಪ್ಲೇಯರನ್ನೂ ಒಂದು ಸಣ್ಣ ಪರದೆಯನ್ನೂ ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಬಾಚಣಿಕೆ ತೋರಿಸಿ, ಇದರಿಂದ ಉಣ್ಣುತ್ತಾರಾ ಅಂದಳು, ನಿಲ್ಲಿಸಿದೆ. ಈತ ನಿಮ್ಮ ತಮ್ಮನಾ ಎಂದು ಮಗನನ್ನು ತೋರಿಸಿದಳು, ನಿಂತದ್ದನ್ನು ಹಾಗೆಯೇ ಬಿಟ್ಟೆ. ಹೊರಗೆ ಬಿಸಿಲಿದೆಯಾ ಅಂದಳು, ಓಡಿಸಿದೆ. ಅವಳು ಪೆನ್ನು ಕೆಳಗಿಟ್ಟು ನನ್ನ ಎಡಗೈ ಹಿಡಿದುಕೊಂಡಳು. "ತಿಳಿಯೂದು ಎಲ್ಲಾ ಐತ್ರಿ ಇವರಿಗೆ. ಹೊರಗ ಬರೂ ದಾರಿ ಅಷ್ಟ ಮುಚ್ಚೈತಿ. ನಾಳಿಂದನ ಸುರು ಮಾಡೂಣು," ಎಂದಳು.

ಕಲಿಕೆ ನಿಧಾನ. ಅಕ್ಷರ ಒಮ್ಮೆ ತಡವಾಗಿ ಕಲಿತವಳಿಗೆ ಎರಡನೆಯ ಸಲ ತಡವಾದರೆ ಏನಂತೆ? ಮೊದಲು ಬಂದ ಮಾತು ದೇವರ ಹೆಸರೂ ಅಲ್ಲ, ಮಗನ ಹೆಸರೂ ಅಲ್ಲ. 'ಉಪ್ಪು' ಎಂದು ಬಂತು. ಮಹಾನಂದಾ ಓಣಿಗೆಲ್ಲ ಹೇಳಿಕೊಂಡು ಬಂದಳು, ತನ್ನನ್ನೇ ಕರೆದೆ ಎನ್ನುವ ಹಾಗೆ.

ಕೌಸರ್ ಇನ್ನೊಮ್ಮೆ ಬಂದು ನನ್ನ ಪ್ಲೇಯರಿಗೆ ನನ್ನ ಎಡಗೈ ಕಲಿಸಿದಳು. ನಮ್ಮಿಬ್ಬರ ಕೈಗೆ ಕೂದಲೆಳೆಯಷ್ಟು ವ್ಯತ್ಯಾಸವಂತೆ. ಬೆರಳು ಎತ್ತುವಾಗ ನಾನು ತುಸು ತಡ. ಅಷ್ಟು ಸಾಕು ಅಂದಳು. ನಿಂತಿದ್ದ ಆಮೆ ಕಾಲು ಆಡಿಸಿ ಮುಂದೆ ಹೋಯಿತು. ಆದರೆ ಆ ಬಡಿತದ ಮಾತು ಬಂದಾಗ ಚಂದ್ರಪ್ಪ ನಡುವೆ ಬಾಯಿ ಹಾಕಿದ.

"ಅದನ್ನ ಬ್ಯಾರೆ ಮಾಡಬ್ಯಾಡ್ರಿ. ಯಾರರೆ ಹಂಗ ಬಡದ್ರ ನಾಲ್ಕೂ ನಿಂದ್ರಲಿ. ನಂದೂ ನಿಂದ್ರಲಿ."

"ಕುಸ್ತಿ ನಡದಿದ್ರೂನು?" ಎಂದು ಮಹಾನಂದಾ ಕೆಣಕಿದಳು.

"ಹೂಂನಬೇ. ಬಿದ್ದ ಪೈಲ್ವಾನ ಎಲ್ಲಿ ಓಡಿ ಹೊಕ್ಕಾನ, ಅಲ್ಲೇ ಬಿದ್ದಿರ್ತಾನ."

ನಾವು ಮೊದಲು ಯಾವುದಕ್ಕಾಗಿ ದಿನವೂ ಜಗಳ ಆಡಿದ್ದೆವೋ ಅದನ್ನೇ ಈಗ ಬೇಡಿ ಹಾಕಿಸಿಕೊಂಡೆವು. ನಾನು ಬಡಿದರೆ ನಾಲ್ಕು ಚಿತ್ರಗಳೂ ಒಟ್ಟಿಗೆ ನಿಲ್ಲುತ್ತಿದ್ದವು, ಮೂರು ಮುಖಗಳು ಒಟ್ಟಿಗೆ ನನ್ನ ಕಡೆ ತಿರುಗುತ್ತಿದ್ದವು. ನೀರು ಬೇಕೇ, ಕಾಲು ಚಾಚಬೇಕೇ? ಒಮ್ಮೊಮ್ಮೆ ಏನೂ ಬೇಡದೆಯೂ ಬಡಿಯುತ್ತಿದ್ದೆ. ಅವರು ಬಯ್ಯುತ್ತಿದ್ದರು. ಅದೂ ಬೇಕಾಗಿತ್ತು.

ಆದರೂ ಒಂದು ಮಾತು. ಎಲ್ಲರೂ ನನಗಾಗಿ ಓಡಿಬರುತ್ತಿದ್ದರು. ನನ್ನನ್ನು ಕರೆಯುವವರು ಯಾರೂ ಇರಲಿಲ್ಲ. ಹಾಗೆ ಕೂತವಳನ್ನು ಯಾವ ಕೆಲಸಕ್ಕೆ ಕರೆದಾರು?

ಒಂದು ಮಧ್ಯಾಹ್ನ ನಾನು ಹವಳದ ಬಂಡೆಗಳ ನಡುವೆ ಒಂದು ಕುದುರೆಮುಖದ ಮೀನನ್ನು ನೋಡುತ್ತ ಕೂತಿದ್ದೆ. ಚಿತ್ರ ನಿಂತಿತು. ಓಡಿತು. ತುಸು ಹೊತ್ತು ಓಡಿ, ಮತ್ತೆ ನಿಂತಿತು. ನನ್ನ ಕೈಯಲ್ಲಿ ರಿಮೋಟ್ ಇರಲಿಲ್ಲ.

ಆ ಕಡೆ ಕುರ್ಚಿಯಲ್ಲಿ ಚಂದ್ರಪ್ಪ, "ಏನಬೇ ವೈನಿ, ಏನ ಬೇಕು?" ಎಂದ. ನಾನು ಎಡಗೈ ಎತ್ತಿ ಬರಿದು ತೋರಿಸಿದೆ. ಇಬ್ಬರೂ ಹೊರಳಿ ನೋಡಿದೆವು. ಮಗ್ಗದ ಕೋಣೆಯ ಬಾಗಿಲಲ್ಲಿ ಮಹಾನಂದಾ ನಿಂತಿದ್ದಳು, ಎಡಗೈಯಲ್ಲಿ ರಿಮೋಟ್ ಹಿಡಿದು.

"ಅತ್ತೀ, ಅಂಚಿನಾಗ ಎಳಿ ಹರದಾವ. ನನ್ನೊಬ್ಬಾಕಿ ಕೈ ಸಾಲವಲ್ತು. ಬರ್ತೀಯೇನ?"

ಚಂದ್ರಪ್ಪ ಎದ್ದು ಕೋಲು ಕೊಟ್ಟ. ಕಾಲು ಎಳೆಯುತ್ತ ಹೋದೆ. ಎಷ್ಟೋ ದಿನದ ಮೇಲೆ ಗಂಜಿ ಹಾಕಿದ ನೂಲಿನ ವಾಸನೆ. ಮಗ್ಗದ ಎಡಗಡೆ, ನಾನು ಕಟ್ಟಿಸಿದ್ದ ಲಾಳಿಯ ಹಗ್ಗ ಹಾಗೆಯೇ ಇತ್ತು. ಪಕ್ಕದಲ್ಲಿ ಮಹಾನಂದಾ ನನಗೆ ಜಾಗ ಬಿಟ್ಟು ಸರಿದು ಕೂತಳು. ಹರಿದ ಎಳೆಯ ಒಂದು ತುದಿಯನ್ನು ನಾನು ಎಡಗೈಯಲ್ಲಿ ಹಿಡಿದೆ, ಇನ್ನೊಂದನ್ನು ಅವಳು ತನ್ನ ಎಡಗೈಯಲ್ಲಿ ಹಿಡಿದಳು. ನಾನು ಸುತ್ತಿದೆ, ಅವಳು ತೂರಿಸಿದಳು, ಇಬ್ಬರೂ ಒಟ್ಟಿಗೆ ಎಳೆದೆವು.

ಗಂಟು ನಿಂತಿತು.